ಕೌದಿಯೊಳಗಿನ ಗಿಳಿ

ಪುಣೆಗೆ ವರ್ಗವಾಗಿ ಬಂದದ್ದು 1994ರಲ್ಲಿ. ಬಿಸಿಲಿಗೆ ಹಾಕಿದ್ದ ನಮ್ಮ ಕೌದಿಯನ್ನು ನೋಡಿ ಪಕ್ಕದ ಮನೆಯ ಅಜ್ಜಿ, "ಗೋಧಡಿ ಛಾನ್ ಆಹೆ" ಅಂದರು. ಹೆಸರು ಬೇರೆ, ಕೆಲಸ ಒಂದೇ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ದಪ್ಪ ದಾರದಿಂದ ಸಾಲು ಸಾಲಾಗಿ ಹೊಲಿಯುವುದು.

ಇದರಲ್ಲಿ ಆಶ್ಚರ್ಯವೇನಿಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮರಾಠಿ ಮನೆಗಳಲ್ಲೂ ಬಳಕೆಯಲ್ಲಿವೆ. ಇಲ್ಲಿಯವರ ಬಾಯಲ್ಲಿ ಅದು 'ಇರಕಲ್'. ಉಟ್ಟು ಹಳತಾದ ಮೇಲೆ ಎರಡೂ ಕಡೆ ಅವು ಸೇರುವುದು ಹೊದಿಕೆಗೇ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ರೀತಿ ಮಾತ್ರ ಬೇರೆ. ಆಫ್ರಿಕಾ ಮೂಲದ ಈ ಜನ ಅಂಚಿನಿಂದ ಶುರುಮಾಡಿ ನಡುವಿಗೆ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ 'ಫೂಲ' ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿಯುವುದಿಲ್ಲ.

ಹಕ್ಕಿಗಳು ನಮ್ಮ ಕೌದಿಗೆ ಬಂದದ್ದು ಕಸೂತಿ ಹಾಕಿದ ಸೀರೆಗಳಿಂದ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಕಸೂತಿಯ ಹೊಲಿಗೆ ನಾಲ್ಕು ಬಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿಯೇ ನವಿಲು, ಗಿಳಿ, ಹಂಸ ಮೂಡಿಸಬೇಕು. 1963ರಲ್ಲಿ ನವಿಲು ರಾಷ್ಟ್ರಪಕ್ಷಿ ಆಯಿತು. ನಮ್ಮ ಹೆಣ್ಣುಮಕ್ಕಳ ಸೆರಗಿನಲ್ಲಿ ಅದು ಮೊದಲೇ ಕುಣಿಯುತ್ತಿತ್ತು.

1953ರಲ್ಲಿ ನಮ್ಮ ಅವ್ವನ ಮದುವೆಗೆ ಅಜ್ಜಿ ಹಾಕಿಕೊಟ್ಟದ್ದು ಅಂಥ ಒಂದು ಇಳಕಲ್ ಸೀರೆ. ಸೆರಗಿನ ಬುಡದಲ್ಲಿ ಗಿಳಿಗಳ ಸಾಲು. ಒಂದು ತುದಿ ಹರಿದಾಗ ಅವ್ವ ಆ ತುಂಡನ್ನು ನನ್ನ ಕೌದಿಗೆ ಸೇರಿಸಿ, ಉಳಿದ ಸೀರೆಯನ್ನು ನಮಗೇ ಕೊಟ್ಟಿದ್ದಳು. ಪುಣೆಯ ಮನೆಯಲ್ಲಿ ಕಪಾಟು ಸಣ್ಣದು. ಹಳೆ ಬಟ್ಟೆಗೆ ಪಾತ್ರೆ ಕೊಡುವಾಕೆ ಬಾಗಿಲಿಗೆ ಬಂದಾಗ ನಾನೇ ಅದನ್ನು ಕೊಟ್ಟು ಒಂದು ಸ್ಟೀಲ್ ಬೋಗಾಣಿ ತಗೊಂಡೆ. ಲಾಭದ ವ್ಯವಹಾರ ಅಂತಲೇ ಅಂದುಕೊಂಡೆ!

ಮುಂದಿನ ದೀಪಾವಳಿಗೆ ಬಂದ ಅವ್ವ ಕೇಳಿದಳು, "ಯಾಕೋ ತಮ್ಮಾ, ಆ ಗಿಳಿ ಸೀರಿ ಎಲ್ಲೈತಿ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋಗ್ಲಿ ಬಿಡು. ಬೋಗಾಣಿ ಗಟ್ಟಿ ಐತಲ್ಲ," ಅಂದಳು.

ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಲೆಕ್ಕ ನೋಡಿದ ನನಗೆ ಈ ಒಂದು ಲೆಕ್ಕ ಮಾತ್ರ ತಾಳೆಯಾಗಿಲ್ಲ. ಅವ್ವ ಈಗಿಲ್ಲ. ಬೋಗಾಣಿಯಲ್ಲಿ ಇಂದಿಗೂ ಹಾಲು ಕಾಯಿಸುತ್ತೇವೆ.

ಈ ಚಳಿಗಾಲದಲ್ಲಿ ನನ್ನ ಹೆಂಡತಿ ಮೊಮ್ಮಗಳಿಗೆಂದು ಕೌದಿ ಹಿಡಿದಿದ್ದಾಳೆ. ಪುಣೆಯಲ್ಲೇ ಹುಟ್ಟಿದ ಹುಡುಗಿ, "ನನ್ನ ಕೌದೀಲಿ ಎರಡೂ ಊರಿನ ಹಕ್ಕಿ ಬೇಕು ಅಜ್ಜಿ," ಅಂತ ಹಟ ಹಿಡಿದಳು. ಹಾಗಾಗಿ ಒಂದು ಚೌಕದಲ್ಲಿ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ಸುಮ್ಮನೆ ಕೂತಾಗ ಅದು ಮಾಸಲು ಕಂದಾಗಿ ಕಾಣುತ್ತದೆ, ಹಾರಿದಾಗಲೇ ನೀಲಿ ಮಿಂಚುವುದು. ಅದಕ್ಕೇ ನೀಲಿ ಖಣ ಕತ್ತರಿಸಿ ರೆಕ್ಕೆ ಬಿಚ್ಚಿದಂತೆ ಹೊಲಿದಿದ್ದಾಳೆ. ಪಕ್ಕದ ಚೌಕದಲ್ಲಿ ಮಹಾರಾಷ್ಟ್ರದ ರಾಜ್ಯಪಕ್ಷಿ ಹರಿಯಾಲ್. ಹಸಿರು ಪಾರಿವಾಳ; ಕಾಲಿಗೆ ಹಳದಿ ದಾರ.

ನಡುವಿನ ಚೌಕ ಖಾಲಿ ಇತ್ತು. ನನ್ನ ಹಳೆಯ ಕೌದಿ ಜೀರ್ಣವಾಗಿದೆ, ಅದರಲ್ಲಿ ಅವ್ವ ಹಾಕಿದ ತುಂಡು ಮಾತ್ರ ಗಟ್ಟಿಯಾಗಿದೆ. ಮೊನ್ನೆ ಕನ್ನಡಕ ಹಾಕಿಕೊಂಡು ನಾನೇ ಅದರ ಹೊಲಿಗೆ ಒಂದೊಂದಾಗಿ ಬಿಚ್ಚಿದೆ. ಎರಡು ಗಿಳಿ ಪೂರ್ತಿ ಇವೆ, ಮೂರನೆಯದಕ್ಕೆ ಬಾಲವಿಲ್ಲ. ಮೂರನ್ನೂ ಹೆಂಡತಿಯ ಕೈಗೆ ಕೊಟ್ಟೆ.