ಹೆಸರಿನ ಬಾಡಿಗೆ

1995ರ ಸೆಪ್ಟೆಂಬರ್ 14ಕ್ಕೆ ಮುಂಚೆ ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಬೇಕೆಂದರೆ ಕಾಸು ಕೊಡಬೇಕಾಗಿರಲಿಲ್ಲ. ಅರ್ಜಿ ಹಾಕಿದರೆ ಸಿಗುತ್ತಿತ್ತು. ಖರ್ಚನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನೋಡಿಕೊಳ್ಳುತ್ತಿತ್ತು. ಆ ದಿನದಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿ ಡಾಟ್ ಕಾಮ್ ಹೆಸರೊಂದಕ್ಕೆ ಎರಡು ವರ್ಷಕ್ಕೆ 100 ಡಾಲರ್ ಅಂತ ದರ ಕಟ್ಟಿತು. ನಮ್ಮಲ್ಲಿ ಸರ್ಕಾರಿ ಕಂಪನಿ ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು ಅದೇ ವರ್ಷದ ಆಗಸ್ಟ್ 15ಕ್ಕೆ. ಅಂದರೆ ಭಾರತದವರು ಬಾಗಿಲು ತಟ್ಟುವ ಹೊತ್ತಿಗೆ ಪುಕ್ಕಟೆ ಕಾಲ ಮುಗಿಯುತ್ತಾ ಬಂದಿತ್ತು.

ನಾನು ಬೆಂಗಳೂರಿನ ರಾಜಾಜಿನಗರದಲ್ಲಿ ಡೊಮೇನು ಎನ್ನುವ ಈ ಹೆಸರುಗಳು, ಜಾಲತಾಣಕ್ಕೆ ಜಾಗ ಕೊಡುವ ಹೋಸ್ಟಿಂಗು ಇವುಗಳ ಸಣ್ಣ ಅಂಗಡಿ ತೆರೆದದ್ದು ಇದಾದ ಕೆಲವು ವರ್ಷಗಳಿಗೆ. ಡಾಲರಿನಲ್ಲಿ ಹಣ ಕಟ್ಟಬಲ್ಲ ಕ್ರೆಡಿಟ್ ಕಾರ್ಡು ನನ್ನ ಬಳಿ ಇತ್ತು, ಬಂದವರ ಬಳಿ ಇರಲಿಲ್ಲ. ವ್ಯಾಪಾರದ ಬಂಡವಾಳವೇ ಅದು. ಅಂಗಡಿಯ ಬೋರ್ಡಿನಲ್ಲಿ ಹೆಸರು ಮಾರುತ್ತೇವೆ ಅಂತ ಬರೆಸಿದ್ದೆ, ಬಂದವರೂ ಕೊಂಡೆವು ಅಂತಲೇ ಹೋಗುತ್ತಿದ್ದರು. ಆದರೆ ಡಾಟ್ ಕಾಮ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಬಾಡಿಗೆ ಕಟ್ಟಬಹುದು, ಅಷ್ಟೆ. ಈ ಒಂದು ಸಂಗತಿ ತಿಳಿಯದೆ ಕನ್ನಡ ಎಷ್ಟು ಕಳೆದುಕೊಂಡಿದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕಾಗಿ ಈ ಕಸುಬಿನ ಕಥೆಯನ್ನು ಮೊದಲಿನಿಂದ ಹೇಳಬೇಕು ಅನ್ನಿಸುತ್ತದೆ.

ಡಾಟ್ ಕಾಮ್ ಹುಟ್ಟುವ ಮುಂಚೆ ಇದ್ದದ್ದು ಒಂದೇ ಒಂದು ಪಟ್ಟಿ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳ ತಂಡ ಅದನ್ನು ಇಟ್ಟುಕೊಂಡಿತ್ತು. ಯಾವ ಕಂಪ್ಯೂಟರಿಗೆ ಯಾವ ಹೆಸರು, ಯಾವ ಸಂಖ್ಯೆ ಎಂಬ ಲೆಕ್ಕ ಆ ಪಟ್ಟಿಯಲ್ಲಿ. ಹೊಸ ಕಂಪ್ಯೂಟರನ್ನು ಜಾಲಕ್ಕೆ ಸೇರಿಸುವವರು ಕಚೇರಿ ವೇಳೆಯಲ್ಲಿ ಫೋನ್ ಮಾಡಿ ಹೆಸರು ಬರೆಸಬೇಕಿತ್ತು. ಉಳಿದವರು ಆಗಾಗ ಆ ಪಟ್ಟಿಯನ್ನು ತಂತಮ್ಮ ಯಂತ್ರಕ್ಕೆ ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಪಟ್ಟಿ ಉದ್ದವಾಯಿತು. ಬೆಳಿಗ್ಗೆ ಇಳಿಸಿಕೊಂಡದ್ದು ಸಂಜೆಗೆ ಹಳತು. ಆಗ ಜಾಲದ ಸಂಖ್ಯೆಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಇದಕ್ಕೆ ಪರಿಹಾರ ಹುಡುಕುವ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಕೈಗೆ ಕೊಟ್ಟರು. ಪಟ್ಟಿಯನ್ನೇ ಒಡೆದು, ಅವರವರ ಪಾಲಿನ ಹೆಸರುಗಳನ್ನು ಅವರವರೇ ನೋಡಿಕೊಳ್ಳುವ ವ್ಯವಸ್ಥೆಯನ್ನು ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಇವತ್ತು ಮೊಬೈಲಿನಲ್ಲಿ ವಿಳಾಸ ಒತ್ತಿದಾಗ ಹಿಂದೆ ನಡೆಯುವ ಕೆಲಸ ಅದೇ.

1985ರ ಮಾರ್ಚ್ 15ರಂದು ಮೊಟ್ಟಮೊದಲ ಡಾಟ್ ಕಾಮ್ ಹೆಸರನ್ನು ಬರೆಸಿದ್ದು ಸಿಂಬಾಲಿಕ್ಸ್ ಎಂಬ ಮ್ಯಾಸಚೂಸೆಟ್ಸ್‌ನ ಕಂಪ್ಯೂಟರ್ ಕಂಪನಿ. ಆ ಕಂಪನಿ ಆಮೇಲೆ ಕುಸಿಯಿತು. ಹೆಸರು ಮಾತ್ರ ಉಳಿಯಿತು, 2009ರಲ್ಲಿ ಬೇರೆಯವರಿಗೆ ಮಾರಾಟವಾಯಿತು. ನಮ್ಮ ಕಸುಬಿನಲ್ಲಿ ಹೆಸರು ಮಾಲೀಕನಿಗಿಂತ ಹೆಚ್ಚು ಬಾಳುತ್ತದೆ, ಬಾಡಿಗೆ ಕಟ್ಟುವವರು ಒಬ್ಬರಿದ್ದರೆ.

ಭಾರತಕ್ಕೆ ಡಾಟ್ ಇನ್ ದಕ್ಕಿದ್ದು 1989ರ ಮೇ ತಿಂಗಳಲ್ಲಿ. ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಕಾಗದಪತ್ರದ ಕಟ್ಟುಪಾಡು ಬಿಗಿಯಾಗಿದ್ದರಿಂದ ಹದಿನೈದು ವರ್ಷ ಕಳೆದರೂ ನೋಂದಣಿಯಾದ ಹೆಸರುಗಳು ಕೆಲವೇ ಸಾವಿರ. ಅಂಗಡಿಗೆ ಬಂದವರಿಗೆ ನಾನೇ ಡಾಟ್ ಕಾಮ್ ತೆಗೆದುಕೊಳ್ಳಿ ಸಾರ್, ಬೇಗ ಆಗುತ್ತೆ ಅಂತಿದ್ದೆ. 2005ರ ಆರಂಭದಲ್ಲಿ ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ, ಎಂಬ ಸಂಸ್ಥೆಯ ಕೈಕೆಳಗೆ ಡಾಟ್ ಇನ್ ಎಲ್ಲರಿಗೂ ತೆರೆಯಿತು. ಅಲ್ಲಿಯ ತನಕ ನಮ್ಮ ಊರಿನ ಹೋಟೆಲು, ಕಲ್ಯಾಣ ಮಂಟಪ, ಕನ್ನಡ ಪತ್ರಿಕೆ ಎಲ್ಲದರ ಹೆಸರೂ ಅಮೆರಿಕದ ಲೆಕ್ಕದ ಪುಸ್ತಕದಲ್ಲಿ.

ಡೊಮೇನ್ ಹೆಸರಿಗೆ ಈ ದೇಶದ ಸುಪ್ರೀಂ ಕೋರ್ಟಿನಲ್ಲಿ ಬೆಲೆ ಬಂದದ್ದು ಬೆಂಗಳೂರಿನ ಒಂದು ಜಗಳದಿಂದ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ ‘ಸಿಫಿ’ ಎಂಬ ಪದ ಕಟ್ಟಿತ್ತು. 1999ರಲ್ಲಿ ಸಿಫಿನೆಟ್, ಸಿಫಿಮಾಲ್ ಮುಂತಾಗಿ ಹಲವು ಹೆಸರುಗಳನ್ನು ಬರೆಸಿತ್ತು. 2001ರ ಜೂನ್‌ನಲ್ಲಿ ಸಿಫ್ಫಿನೆಟ್ ಎಂಬ ಇನ್ನೊಂದು ಕಂಪನಿ, ಒಂದು ಅಕ್ಷರ ಹೆಚ್ಚಿಗೆ ಸೇರಿಸಿದ ಹೆಸರಿನಲ್ಲಿ ವ್ಯವಹಾರಕ್ಕಿಳಿಯಿತು. ಸತ್ಯಂ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಯಿತು. ಇದು ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆದ ಪದ ಎಂದು ಎದುರು ಪಕ್ಷ ವಾದಿಸಿತು. ಸಿವಿಲ್ ಕೋರ್ಟು ತಾತ್ಕಾಲಿಕ ತಡೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಸಿವಿಲ್ ಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೂಮಾ ಪಾಲ್.

ಆ ತೀರ್ಪು ಬಂದಾಗ ನಮ್ಮ ಬೀದಿಯ ಹೋಸ್ಟಿಂಗ್ ಅಂಗಡಿಗಳವರೆಲ್ಲ ಅದರ ಮಾತೇ ಆಡಿದೆವು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಅದಕ್ಕೆಂದೇ ಬೇರೆ ಕಾಯಿದೆ ಇಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದನ್ನು ತಡೆಯುವ ಹಳೆಯ ನ್ಯಾಯವೇ ಸಾಕು. ಕೋರ್ಟು ಹೇಳಿದ್ದರ ಸಾರ ಇದು. ಬಂದವರು ಯಾರನ್ನು ಹುಡುಕಿಕೊಂಡು ಬಂದರು, ಯಾರ ಬಾಗಿಲಿಗೆ ಹೋಗಿ ಬಿದ್ದರು ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮುಖ್ಯವೆಂದು ಎಣಿಸಿದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಹೆಸರಿನ ಬೆಲೆ ಇರುವುದು ಅದನ್ನು ನಂಬಿ ಬರುವವರಲ್ಲಿ.

ಬರುವವರನ್ನು ಹೆಚ್ಚಿಸುವ ವಿದ್ಯೆಗೂ ಬೆಂಗಳೂರಿನ ಒಂದು ನಂಟಿದೆ. ಇಲ್ಲಿ ಬೆಳೆದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಉಚಿತ ಇ-ಮೇಲ್ ಸೇವೆ ತೆರೆದರು. ಹಾಟ್‌ಮೇಲಿನಿಂದ ಹೋಗುವ ಪ್ರತಿಯೊಂದು ಪತ್ರದ ಕೊನೆಗೆ, ನೀವೂ ಉಚಿತವಾಗಿ ಪಡೆಯಿರಿ ಎಂಬ ಒಂದು ಸಾಲು ವಿಳಾಸದೊಡನೆ ತಾನಾಗಿಯೇ ಸೇರುತ್ತಿತ್ತು. ಬೇರೆ ಜಾಹೀರಾತು ಬೇಕಾಗಲಿಲ್ಲ. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಚಂದಾದಾರರು 85 ಲಕ್ಷ ದಾಟಿದ್ದರು. ಅದನ್ನು ನೋಡಿ ನಾವೂ ಕಲಿತೆವು. ಕನ್ನಡದ ಜಾಲತಾಣ ನಡೆಸುವವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಪತ್ರದ ಕೆಳಗೆ, ಲಗ್ನಪತ್ರಿಕೆಯ ಮೂಲೆಯಲ್ಲಿ, ಪುಸ್ತಕದ ಹಿಂಬದಿಯಲ್ಲಿ ವಿಳಾಸ ಹಾಕಿಸಿ. ಹಾಕಿಸಿದರು. ಓದುಗರು ಬಂದರು. ಅತಿಥಿ ಪುಸ್ತಕ ಎಂಬ ಪುಟದಲ್ಲಿ ನ್ಯೂಜೆರ್ಸಿಯಿಂದ, ಮಸ್ಕತ್‌ನಿಂದ ಜನ ಕಂಗ್ಲಿಷಿನಲ್ಲಿ ಬರೆದು ಹೋಗುತ್ತಿದ್ದರು.

ಅದೇ ಮೈಕ್ರೋಸಾಫ್ಟ್ 1999ರ ಕ್ರಿಸ್‌ಮಸ್ ಹೊತ್ತಿಗೆ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ 35 ಡಾಲರ್ ಕಟ್ಟುವುದನ್ನು ಮರೆತುಬಿಟ್ಟಿತು. ಹಾಟ್‌ಮೇಲಿಗೆ ಒಳಹೋಗುವ ದಾರಿ ಆ ಹೆಸರಿನ ಮೂಲಕವೇ ಇತ್ತು. ಜನ ತಮ್ಮ ಪತ್ರ ನೋಡಲಾಗದೆ ನಿಂತರು. ಕೊನೆಗೆ ಮೈಕಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಆ 35 ಡಾಲರ್ ಕಟ್ಟಿದ ಮೇಲೆ ಬಾಗಿಲು ತೆರೆಯಿತು. ರಿನ್ಯೂವಲ್ ಪತ್ರ ಬಂದಾಗ ಆಮೇಲೆ ನೋಡೋಣ ಬಿಡಿ ಎನ್ನುವವರಿಗೆಲ್ಲ ನಾನು ಈ ಕಥೆ ಹೇಳುತ್ತೇನೆ.

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ವಿಶ್ವಕನ್ನಡ. ಯು. ಬಿ. ಪವನಜ ಅವರು ಅದನ್ನು 1996ರ ಡಿಸೆಂಬರಿನಲ್ಲಿ ಶುರು ಮಾಡಿದರು. ಆಮೇಲಿನ ಹತ್ತು ಹನ್ನೆರಡು ವರ್ಷ ಎಂಥ ಹುರುಪು! ದಟ್ಸ್‌ಕನ್ನಡ, ಸಂಪದ, ಅವಧಿ, ಕೆಂಡಸಂಪಿಗೆ ಬಂದವು. ಇವುಗಳ ಹೆಸರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವು ನೂರಾರು. ಒಬ್ಬ ಬ್ಯಾಂಕ್ ನೌಕರ ತನ್ನ ತಾಲ್ಲೂಕಿನ ವೀರಗಲ್ಲುಗಳ ಫೋಟೋ ಹಾಕಿದ್ದ, ಒಬ್ಬ ಗೃಹಿಣಿ ಹಸೆಹಾಡು ಬರೆದಿಟ್ಟಿದ್ದರು. ಅವುಗಳಲ್ಲಿ ಬಹುಪಾಲು ಈಗ ಇಲ್ಲ. ಜಿಯೋಸಿಟೀಸ್‌ನಲ್ಲಿ ಬಿಟ್ಟಿ ಜಾಗ ಪಡೆದವರ ಪುಟಗಳು 2009ರ ಅಕ್ಟೋಬರ್ 26ರಂದು ಯಾಹೂ ಆ ಸೇವೆಯನ್ನು ಮುಚ್ಚಿದಾಗ ಒಟ್ಟಿಗೇ ಅಳಿದವು. ಸ್ವಂತ ಹೆಸರು ಇದ್ದವರದು ಒಂದೊಂದಾಗಿ ಹೋಯಿತು.

ಹೇಗೆ ಹೋಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಕೂಡಲೇ ಅದು ಕೈತಪ್ಪುವುದಿಲ್ಲ. ಹೆಸರು ಬರೆಸಿಕೊಟ್ಟ ಕಂಪನಿ, ಅಂದರೆ ರಿಜಿಸ್ಟ್ರಾರು, 45 ದಿನದ ತನಕ ಕಾಯಬಹುದು. ಅದಾದ ಮೇಲೆ ಇನ್ನೂ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ ಐದು ದಿನ ಯಾರೂ ಮುಟ್ಟುವಂತಿಲ್ಲ. ಅದು ಮುಗಿದ ಕ್ಷಣ ಹೆಸರು ಬೀದಿಗೆ ಬೀಳುತ್ತದೆ. ಅದಕ್ಕೇ ಕಾದು ಕೂತ ಯಂತ್ರಗಳು ಕಣ್ಣು ಮಿಟುಕಿಸುವುದರೊಳಗೆ ಎತ್ತಿಕೊಳ್ಳುತ್ತವೆ. ಹಳೆಯ ಓದುಗರ ಓಡಾಟ ಇನ್ನೂ ಇರುವ ಹೆಸರಿಗೆ ಅಲ್ಲಿ ಬೇಡಿಕೆ ಜಾಸ್ತಿ. ಕನ್ನಡ ಓದಲು ಹೋದವರ ಮುಂದೆ ಜೂಜಿನ ಪುಟ ತೆರೆದುಕೊಳ್ಳುವುದು ಹೀಗೆ.

ಹಾಸನದ ಕಡೆಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಗಮಕದ ಬಗ್ಗೆ ಒಂದು ಜಾಲತಾಣ ನಡೆಸುತ್ತಿದ್ದರು. ಯಾವ ಪದ್ಯಕ್ಕೆ ಯಾವ ಗಮಕಿ ಯಾವ ರಾಗ ಹಿಡಿದರು ಎಂದು ಕಾರ್ಯಕ್ರಮಕ್ಕೆ ಹೋಗಿ ಹೋಗಿ ಬರೆದುಕೊಂಡಿದ್ದ ಟಿಪ್ಪಣಿಗಳು ಅಲ್ಲಿದ್ದವು. ಅವರಿಗೆ ತಾಣ ಮಾಡಿಕೊಟ್ಟವನು ಹೆಸರನ್ನು ತನ್ನ ಹೆಸರಿನಲ್ಲೇ ಬರೆಸಿಕೊಂಡಿದ್ದ, ಆಮೇಲೆ ಊರು ಬಿಟ್ಟ. ರಿನ್ಯೂವಲ್ ಪತ್ರಗಳು ಅವನ ಮೇಲ್‌ಗೆ ಹೋಗಿ ಬಿದ್ದಿರಬೇಕು. ಮೇಷ್ಟ್ರು ನನ್ನಲ್ಲಿಗೆ ಬರುವ ಹೊತ್ತಿಗೆ ಹೆಸರು ಯಾವುದೋ ದೇಶದವರ ಪಾಲಾಗಿತ್ತು.

ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಮೇಷ್ಟ್ರ ಹಳೆಯ ಪುಟಗಳು ಸಿಕ್ಕವು. ತೆರೆದರೆ ಓದಲಾಗದು. ಯೂನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಬಳಕೆಗೆ ಬರುವ ಮುಂಚೆ ಒಬ್ಬೊಬ್ಬರದು ಒಂದೊಂದು ಫಾಂಟು, ಆ ಫಾಂಟಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವು ರೋಮನ್ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ ಅಂತೆಲ್ಲ ಸಾಲಾಗಿ ನಿಲ್ಲುತ್ತದೆ. ಹುಡುಕುವ ಯಂತ್ರಗಳಿಗೂ ಅದು ಹಾಗೆಯೇ ಕಾಣುತ್ತಿತ್ತು. ಕನ್ನಡದಲ್ಲಿ ಹುಡುಕಿ ಈ ಪುಟಗಳಿಗೆ ಯಾರೂ ಬರುವಂತಿರಲಿಲ್ಲ. ವಿಳಾಸ ಗೊತ್ತಿದ್ದವರು ಮಾತ್ರ ಬರುತ್ತಿದ್ದರು. ಆ ಕಾಲದ ಕನ್ನಡ ತಾಣಗಳಿಗೆ ಹೆಸರೇ ಸರ್ವಸ್ವವಾಗಿದ್ದದ್ದು ಅದಕ್ಕೆ. ನಾನು ಪುಟಗಳನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದೆ. ಒತ್ತಕ್ಷರ ತಪ್ಪಿದ್ದನ್ನು ಮೇಷ್ಟ್ರು ಪಕ್ಕದಲ್ಲಿ ಕೂತು ತಿದ್ದಿಸಿದರು. ಬೇರೆ ಹೆಸರಿನಲ್ಲಿ ಹೊಸದಾಗಿ ಶುರು ಮಾಡೋಣ ಸಾರ್ ಅಂದೆ. ‘ಮಾಡೋಣ ಕಣಪ್ಪ. ಆದರೆ ಕೆನಡಾದಿಂದ ಒಬ್ಬಳು ಹುಡುಗಿ ಬರೀತಿದ್ದಳಲ್ಲ, ಅವಳಿಗೆ ಹ್ಯಾಗೆ ಗೊತ್ತಾಗಬೇಕು?’ ಅಂದರು. ಅವರ ಬಳಿ ಆ ಹುಡುಗಿಯ ವಿಳಾಸ ಇರಲಿಲ್ಲ. ಅವಳ ಬಳಿ ಇದ್ದದ್ದು ಹಳೆಯ ಹೆಸರು.

ಅಚ್ಚಿನ ಲೋಕದಲ್ಲೂ ಹೆಸರು ಬದಲಾಗಿದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ತೆಗೆದ ‘ಮಂಗಳೂರು ಸಮಾಚಾರ’ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆದರೆ ಹಳೆಯ ಸಂಚಿಕೆ ಕಪಾಟಿನಲ್ಲಿ ಉಳಿಯುತ್ತದೆ, ಬಾಡಿಗೆ ಕಟ್ಟಲಿಲ್ಲವೆಂದು ಅದರ ಹಾಳೆಗಳು ಖಾಲಿಯಾಗುವುದಿಲ್ಲ. 1954ರ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮಾರಾದಂಥ ಗ್ರಂಥಾಲಯಗಳಿಗೂ ಹೋಗಬೇಕು. ಪರದೆಯ ಮೇಲೆ ಮಾತ್ರ ಬರೆದ ಕನ್ನಡಿಗರಿಗೆ ಆ ರಕ್ಷಣೆ ಸಿಗಲಿಲ್ಲ.

ಈಗ ಕನ್ನಡ ಲಿಪಿಯಲ್ಲೇ ಡೊಮೇನ್ ಹೆಸರು ಸಿಗುತ್ತದೆ. 2014ರಲ್ಲಿ ದೇವನಾಗರಿಯದು ಮೊದಲು ಬಂತು, ಕನ್ನಡದ ಡಾಟ್ ಭಾರತ ಆಮೇಲೆ. ಕನ್ನಡದ ಜ, ಲ, ನ ಅಕ್ಷರಗಳಿಗೂ ತೆಲುಗಿನವಕ್ಕೂ ಕಣ್ಣಿಗೆ ಭೇದ ಕಡಿಮೆ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಮೋಸ ಮಾಡಬಾರದೆಂದು ಬ್ರಾಹ್ಮಿ ಮೂಲದ ಒಂಬತ್ತು ಲಿಪಿಗಳಿಗೆ ತಜ್ಞರು ಕೂತು ನಿಯಮ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಆ ಹೆಸರಿಗೂ ಬಾಡಿಗೆಯೇ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಕನ್ನಡದ ಕೆಲಸ ಮಾಡುವ ಅಕಾಡೆಮಿಗಳೋ ಪ್ರಾಧಿಕಾರಗಳೋ ಒಂದು ಪಟ್ಟಿ ಇಡಲಿ. ಉಳಿಯಬೇಕಾದ ತಾಣಗಳು ಯಾವುವು, ಅವುಗಳ ಹೆಸರು ಯಾರ ಹೆಸರಿನಲ್ಲಿದೆ, ಅವಧಿ ಎಂದು ಮುಗಿಯುತ್ತದೆ, ನಡೆಸುವವರಿಗೆ ವಯಸ್ಸೆಷ್ಟು ಎಂಬುದು ಅದರಲ್ಲಿರಲಿ. ಕಟ್ಟಲಾರದವರ ಪರವಾಗಿ ಕಟ್ಟಲಿ. ಒಂದು ಹೆಸರಿಗೆ ವರ್ಷಕ್ಕೆ ಆಗುವ ಖರ್ಚು ಇವತ್ತಿನ ಲೆಕ್ಕದಲ್ಲಿ ಒಂದೆರಡು ಸಾವಿರ ರೂಪಾಯಿಯ ಒಳಗೇ. ಮೇಷ್ಟ್ರ ಹೊಸ ಹೆಸರನ್ನು ಅವರದೇ ಹೆಸರಿನಲ್ಲಿ ಹತ್ತು ವರ್ಷಕ್ಕೆ ಬರೆಸಿ, ಎರಡನೆಯ ಸಂಪರ್ಕದ ಜಾಗದಲ್ಲಿ ಅವರ ಮೊಮ್ಮಗಳ ಮೇಲ್ ಹಾಕಿಸಿದ್ದೇನೆ.