ಕುಮಟಾ ಹತ್ತಿ ಮತ್ತು ಕಡಲಿನ ದಾರಿ

ನವಲಗುಂದ, ಕುಂದಗೋಳಗಳ ಹಾಗೂ ಪಂಪನ ಮನೆತನದ ನಂಟಿನಿಂದ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದ ಅಣ್ಣಿಗೇರಿಯ ಎರೆಹೊಲಗಳಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಗೆ ಹತ್ತೊಂಬತ್ತನೆಯ ಶತಮಾನದ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರಿತ್ತು. ಕುಮಟಾ ಅರಬ್ಬೀ ಸಮುದ್ರದ ದಂಡೆಯ ಬಂದರು. ಭತ್ತ, ತೆಂಗುಗಳ ನೆಲ. ಬೆಳೆದ ಸೀಮೆಯ ಹೆಸರನ್ನು ಬಿಟ್ಟು ಹಡಗೇರಿದ ಬಂದರಿನ ಹೆಸರನ್ನು ಹೊತ್ತ ಈ ಬೆಳೆಯು ಧಾರವಾಡದ ಬಯಲಿಗೂ ಕರಾವಳಿಗೂ ನಡುವಣ ದಾರಿಯ ಚರಿತ್ರೆಯನ್ನು ತಿಳಿಯಲು ಉತ್ತಮ ಸಾಕ್ಷಿಯಾಗಿದೆ.

ಈ ಹತ್ತಿಯನ್ನು ಮಳೆಗಾಲದ ಉತ್ತರಾರ್ಧದಲ್ಲಿ ಬಿತ್ತಿ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಿಡಿಸುತ್ತಿದ್ದರು. ಜೂನ್ ತಿಂಗಳಿಗೆ ಕಡಲು ಉಕ್ಕೇರಿ ಬಂದರುಗಳು ಮುಚ್ಚುತ್ತಿದ್ದವು. ಆದುದರಿಂದ ಬೇಸಗೆಯ ಕೆಲವೇ ವಾರಗಳಲ್ಲಿ ಅರಳೆಯ ಅಂಡಿಗೆಗಳು ಘಟ್ಟ ಇಳಿಯಲೇಬೇಕಿತ್ತು. ಹೇರೆತ್ತುಗಳೂ ಬಂಡಿಗಳೂ ಶಿರಸಿಯ ಮೂಲಕ ದೇವಿಮನೆ ಘಟ್ಟವನ್ನಿಳಿದು ಕುಮಟಾವನ್ನು ಮುಟ್ಟುತ್ತಿದ್ದವು. ಅಲ್ಲಿಂದ ಹಾಯಿಹಡಗುಗಳು ಸರಕನ್ನು ಮುಂಬಯಿಗೆ ಒಯ್ಯುತ್ತಿದ್ದವು. ಮರಳಿ ಬರುವಾಗ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿಗಳ ಹೇರು ಬಯಲಿಗೆ ಬರುತ್ತಿತ್ತು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವು ಅಲ್ಲಿನ ಹತ್ತಿಯ ರಫ್ತನ್ನು ತಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಆಗ ಎದುರಾದ ತೊಡಕು ಆಡಳಿತದ್ದು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಅದನ್ನು ಸಾಗಿಸುವ ಬಂದರುಗಳು ಮದರಾಸಿನಲ್ಲಿದ್ದವು. ಎರಡು ಸರಕಾರಗಳ ನಡುವೆ ರಸ್ತೆಯ ಕೆಲಸ ಕುಂಟುತ್ತಿತ್ತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಕಾರವಾರ ಅದರ ಮುಖ್ಯ ಪಟ್ಟಣವೂ ಹೊಸ ಬಂದರೂ ಆಗಿ ಬೆಳೆಯಿತು. ಯಲ್ಲಾಪುರದಿಂದ ಅರಬೈಲ್ ಘಟ್ಟವನ್ನಿಳಿಯುವ ದಾರಿಗೆ ಮಹತ್ವ ಬಂದಿತು.

ಬಯಲನ್ನೂ ಕಡಲನ್ನೂ ಕೂಡಿಸಿದ ಈ ಏರ್ಪಾಡು ಕನ್ನಡ ಕರಾವಳಿಯನ್ನು ಮಾತ್ರ ಎರಡಾಗಿಸಿತು. ಕುಂದಾಪುರದಿಂದ ತೆಂಕಣ ಭಾಗ ಮದರಾಸಿನಲ್ಲೇ ಉಳಿಯಿತು. ಅಕ್ಕಪಕ್ಕದ ಭಟ್ಕಳ, ಬೈಂದೂರುಗಳ ಜನ ಬೇರೆಬೇರೆ ಪ್ರಾಂತಗಳಿಗೆ ಸೇರಿದರು. ಶಾಲೆ, ಕಚೇರಿ, ನ್ಯಾಯಾಲಯಗಳ ವ್ಯವಸ್ಥೆಯೂ ಬೇರೆಯಾಯಿತು. ಈ ಅಗಲಿಕೆ ಮುಗಿದದ್ದು 1956ರ ಏಕೀಕರಣದಲ್ಲಿ. ಕಾರವಾರದ ಕಡಲತೀರಕ್ಕೆ ಇಂದಿರುವ ರವೀಂದ್ರನಾಥ ಟಾಗೋರರ ಹೆಸರೂ ಈ ವರ್ಗಾವಣೆಯ ದೂರದ ಫಲವೇ: ಅವರ ಅಣ್ಣ ಸತ್ಯೇಂದ್ರನಾಥರು ಮುಂಬಯಿ ಪ್ರಾಂತದ ನ್ಯಾಯಾಧೀಶರಾಗಿ ಅಲ್ಲಿದ್ದಾಗ ರವೀಂದ್ರರು ಬಂದು ತಂಗಿದ್ದರು.

ಇಷ್ಟೆಲ್ಲ ನಡೆದರೂ ಹತ್ತಿ ಈ ದಾರಿಯಲ್ಲಿ ಬಹುಕಾಲ ಸಾಗಲಿಲ್ಲ. 1880ರ ದಶಕದ ಕೊನೆಗೆ ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಓಡತೊಡಗಿದಾಗ ಸರಕು ಅತ್ತ ತಿರುಗಿತು. ಕುಮಟಾ, ಕಾರವಾರಗಳ ಹತ್ತಿವ್ಯಾಪಾರ ಸೊರಗಿತು.

ಇಂದು ಕಲಘಟಗಿ, ಯಲ್ಲಾಪುರಗಳನ್ನು ಹಾಯುವ ಹುಬ್ಬಳ್ಳಿ–ಅಂಕೋಲಾ ರಸ್ತೆ ರಾಷ್ಟ್ರೀಯ ಹೆದ್ದಾರಿ 52ರ ಭಾಗ. ರಜೆ ಬಂದರೆ ಗೋಕರ್ಣ, ಕಾರವಾರಗಳ ಕಡಲತೀರಕ್ಕೆ ಹೊರಟವರಿಂದ ಅದು ತುಂಬಿರುತ್ತದೆ. ಕೆಲವರು ಹಳಿಯಾಳದ ದಾರಿ ಹಿಡಿದು ದಾಂಡೇಲಿಯ ಕಾಡು ನೋಡಿಕೊಂಡು ಕರಾವಳಿಗೆ ಇಳಿಯುತ್ತಾರೆ. 1956ರಲ್ಲಿ ಅಭಯಾರಣ್ಯವಾದ ದಾಂಡೇಲಿ, 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಚರ್ಚೆಯೂ ದಶಕಗಳಿಂದ ಕಾಡು, ವನ್ಯಜೀವಿಗಳ ಪ್ರಶ್ನೆಯಲ್ಲಿ ನಿಂತಿದೆ. ಒಂದು ಕಾಲಕ್ಕೆ ದಾಟಿಬಿಡಬೇಕಾದ ಅಡ್ಡಿಯೆನಿಸಿದ್ದ ಕಾಡು ಈಗ ತಾನೇ ಗಮ್ಯವಾಗಿದೆ.

ಈ ಪ್ರವಾಸಿಗರು ಕಾಣುವ ಫಲಕಗಳಲ್ಲಿ ಹುಲಿಯುಂಟು, ಜಲಪಾತವುಂಟು, ಹತ್ತಿಯ ಬಂಡಿಯಿಲ್ಲ. ಎರೆಸೀಮೆಯ ಒಕ್ಕಲಿಗ, ಬಂಡಿ ಹೂಡಿದವ, ಹೇರು ಹೊತ್ತ ಎತ್ತು ಇವರಾರೂ ಈ ದಾರಿಯ ಮೇಲೆ ಹೆಸರುಳಿಸಿಲ್ಲ. ಅವರ ನಡಿಗೆಯ ಗುರುತು ಉಳಿದಿರುವುದು ಒಂದು ಹತ್ತಿಯ ಹೆಸರಿನಲ್ಲಿ. ಗ್ರಾಮಚರಿತ್ರೆಯ ಅಭ್ಯಾಸಿಗಳು ಶಾಸನ, ಕಡತಗಳ ಜೊತೆಗೆ ಬೆಳೆಯ ಹೆಸರುಗಳನ್ನೂ ಓದಬೇಕಾದದ್ದು ಇದಕ್ಕಾಗಿಯೇ.