ಕಟ್ಟಡ ಕಾರ್ಮಿಕರ ರಕ್ಷಣಾ ಸಾಧನಗಳು: ಕೆಲಸಕ್ಕೆ ತಕ್ಕ ಆಯ್ಕೆ

ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ಕಾರ್ಖಾನೆಗಳ ಕಟ್ಟಡ ಏಳುವಾಗ ಕಾರ್ಮಿಕರ ತಲೆಯಲ್ಲಿ ಹೆಲ್ಮೆಟ್, ಕಾಲಿನಲ್ಲಿ ಬೂಟು ಕಾಣುವುದು ಸಾಮಾನ್ಯ. ಅದೇ ಕಾರ್ಮಿಕ ಮರುವಾರ ಶ್ರೀನಿವಾಸಪುರದಲ್ಲೋ ಮುಳಬಾಗಿಲಿನಲ್ಲೋ ಎರಡಂತಸ್ತಿನ ಮನೆಯ ಮೋಲ್ಡ್ ಹಾಕಲು ಬಂದರೆ, ತಲೆಗೆ ಟವಲು, ಕಾಲಿಗೆ ಹವಾಯಿ ಚಪ್ಪಲಿ. ಬಿದ್ದರೆ ಆಗುವ ಪೆಟ್ಟು ಎರಡೂ ಕಡೆ ಒಂದೇ. ಹೀಗಾಗಿ ರಕ್ಷಣಾ ಸಾಧನಗಳ ಮಾಹಿತಿ ದೊಡ್ಡ ಕಂಪನಿಗಳಿಗಿಂತ ಮೇಸ್ತ್ರಿಗಳಿಗೆ, ಸಣ್ಣ ಗುತ್ತಿಗೆದಾರರಿಗೆ ಮತ್ತು ಮನೆ ಕಟ್ಟಿಸುವವರಿಗೆ ಹೆಚ್ಚು ಅಗತ್ಯ.

ಅಂಗಡಿಯಲ್ಲಿ ಸಿಗುವ ಒಂದೇ ಬಗೆಯ ಹೆಲ್ಮೆಟ್, ಕೈಗವಸು, ಮಾಸ್ಕುಗಳನ್ನು ಎಲ್ಲರಿಗೂ ಹಂಚಿಬಿಡುವುದು ವಾಡಿಕೆ. ಇದು ಸರಿಯಾದ ಕ್ರಮವಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ, ಆ ಕೆಲಸದಲ್ಲಿ ಅಪಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಿ, ಅನಂತರ ಸಾಧನವನ್ನು ಆರಿಸಬೇಕು.

ಕಾಣದ ಅಪಾಯ: ಕಲ್ಲಿನ ಧೂಳು

ಈ ಜಿಲ್ಲೆಯ ಮಟ್ಟಿಗೆ ಮೊದಲು ಹೇಳಬೇಕಾದದ್ದು ಧೂಳಿನ ವಿಷಯ. ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಿನ ಕಲ್ಲು ಕೆಲಸ, ಜಲ್ಲಿ ಕ್ರಷರ್‌ಗಳು, ಮನೆಗಳಲ್ಲಿ ಗ್ರಾನೈಟ್ ಚಪ್ಪಡಿ ಕತ್ತರಿಸುವ ಕಟಿಂಗ್ ಮಷಿನ್, ಗೋಡೆಗೆ ಗಾಡಿ ಹೊಡೆಯುವ ಕೆಲಸ, ಇವೆಲ್ಲವೂ ಸಿಲಿಕಾ ಧೂಳನ್ನು ಎಬ್ಬಿಸುತ್ತವೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿಯೇ ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಸೂಕ್ಷ್ಮ ಕಣ. ಅದು ಅಲ್ಲಿ ಗಾಯ ಮಾಡಿ ಗಟ್ಟಿಗೊಳಿಸುವುದನ್ನೇ ಸಿಲಿಕೋಸಿಸ್ ಎನ್ನುತ್ತಾರೆ. ಒಮ್ಮೆ ಬಂದ ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಈ ರೋಗಿಗಳಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು.

ಇದು ಕೋಲಾರಕ್ಕೆ ಹೊಸ ಪಾಠವಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದೇ ಕೋಲಾರದ ಚಿನ್ನದ ಗಣಿಗಳಲ್ಲಿ. ಮೈಸೂರು ಸರ್ಕಾರ 1940ರಲ್ಲಿಯೇ ಈ ಕಾಯಿಲೆಗೆ ಸಂಬಂಧಿಸಿ ಪ್ರತ್ಯೇಕ ನಿಯಮಗಳನ್ನು ತಂದಿತ್ತು. 1940ರ ದಶಕದಲ್ಲಿ ಅಲ್ಲಿ ತಪಾಸಣೆಗೊಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪೈಕಿ ಶೇ. 40ಕ್ಕೂ ಮೀರಿದವರಲ್ಲಿ ಕಾಯಿಲೆಯ ಗುರುತು ಕಂಡುಬಂದಿತ್ತು. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಆದರೆ ಕಲ್ಲಿನ ಧೂಳು ನೆಲದೊಳಗಿನಿಂದ ಮೇಲಕ್ಕೆ ಬಂದು, ಮನೆ ಕಟ್ಟುವ ಜಾಗದಲ್ಲಿ ಒಬ್ಬಿಬ್ಬರು ಕೆಲಸಗಾರರ ಪಾಲಾಗಿದೆ. ಅವರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವ ಗಣಿ ಆಸ್ಪತ್ರೆಯೂ ಇಲ್ಲ.

ಮುಖಕ್ಕೆ ಸುತ್ತಿದ ಟವಲಾಗಲಿ, ಬಟ್ಟೆಯ ಮಾಸ್ಕಾಗಲಿ, ಆಸ್ಪತ್ರೆಗಳಲ್ಲಿ ಬಳಸುವ ತೆಳು ಮಾಸ್ಕಾಗಲಿ ಈ ಕಣಗಳನ್ನು ತಡೆಯವು. ಭಾರತೀಯ ಮಾನಕ ಐಎಸ್ 9473ರ ಎಫ್‌ಎಫ್‌ಪಿ-2 ದರ್ಜೆಯ ಮಾಸ್ಕು ಕನಿಷ್ಠ ಬೇಕು. ದಿನವಿಡೀ ಕಲ್ಲು ಕತ್ತರಿಸುವವರಿಗೆ ಎಫ್‌ಎಫ್‌ಪಿ-3 ಅಥವಾ ಫಿಲ್ಟರ್ ಬದಲಿಸಬಹುದಾದ ರಬ್ಬರ್ ಮಾಸ್ಕು ಉತ್ತಮ. ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್‌ಗಿಂತ ತಲೆಯ ಹಿಂದೆ ಎರಡು ಪಟ್ಟಿ ಇರುವ ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುವುದರಿಂದ ಎಷ್ಟು ದುಬಾರಿ ಮಾಸ್ಕು ಕೊಂಡರೂ ವ್ಯರ್ಥ. ಇಷ್ಟಾದರೂ ಮಾಸ್ಕು ಎರಡನೆಯ ರಕ್ಷಣೆ ಮಾತ್ರ. ಕತ್ತರಿಸುವಾಗ ಅಲಗಿನ ಮೇಲೆ ನೀರು ಬೀಳುವಂತೆ ಮಾಡಿದರೆ ಧೂಳು ಹುಟ್ಟುವಲ್ಲಿಯೇ ಬಹುಪಾಲು ಅಡಗುತ್ತದೆ. ಆಗ ನೀರಿನೊಡನೆ ಬಳಸಲೆಂದೇ ತಯಾರಾದ ಯಂತ್ರವನ್ನೇ ಬಳಸಬೇಕು. ಸಾಧಾರಣ ಯಂತ್ರಕ್ಕೆ ನೀರು ಸುರಿದರೆ ವಿದ್ಯುತ್ ಆಘಾತದ ಭಯವಿದೆ.

ತಲೆಗೆ ಹೆಲ್ಮೆಟ್, ತಲೆಯ ಮೇಲೆ ಬಾಂಡ್ಲಿ

ಕಟ್ಟಡದ ಹೆಲ್ಮೆಟ್‌ಗೆ ಐಎಸ್ 2925 ಮಾನಕ. ದ್ವಿಚಕ್ರ ವಾಹನದ ಹೆಲ್ಮೆಟ್‌ನದು ಐಎಸ್ 4151. ಎರಡೂ ಬೇರೆ ಬೇರೆ, ಒಂದರ ಬದಲು ಇನ್ನೊಂದು ಸಲ್ಲದು. ಹೆಲ್ಮೆಟ್ಟಿನ ಹೊರಚಿಪ್ಪಿಗಿಂತ ಒಳಗಿನ ಪಟ್ಟಿಗಳ ಜಾಲ ಮುಖ್ಯ. ಚಿಪ್ಪಿಗೂ ತಲೆಗೂ ನಡುವೆ ಸುಮಾರು ಒಂದಂಗುಲಕ್ಕೂ ಹೆಚ್ಚಿನ ಅಂತರ ಉಳಿಯದಿದ್ದರೆ ಬಿದ್ದ ಇಟ್ಟಿಗೆಯ ಪೆಟ್ಟು ನೇರವಾಗಿ ತಲೆಗೇ ತಗಲುತ್ತದೆ. ಆ ಅಂತರದಲ್ಲಿ ಬೀಡಿ ಕಟ್ಟು, ಮೊಬೈಲ್ ಇಡುವ ಅಭ್ಯಾಸ ಬಿಡಬೇಕು. ಒಮ್ಮೆ ಜೋರು ಪೆಟ್ಟು ಬಿದ್ದ ಹೆಲ್ಮೆಟ್ ಒಡೆದಂತೆ ಕಾಣದಿದ್ದರೂ ಅದನ್ನು ಬದಲಿಸಬೇಕು.

ಕಾಂಕ್ರೀಟು ಹೊರುವ ಹೆಂಗಸರ ವಿಷಯದಲ್ಲಿ ಬಹುತೇಕ ಕೈಪಿಡಿಗಳು ಮೌನವಾಗಿವೆ. ಸಿಂಬೆ ಇಟ್ಟು ಅದರ ಮೇಲೆ ಬಾಂಡ್ಲಿ ಹೊರುವವರಿಗೆ ಹೆಲ್ಮೆಟ್ ಹಾಕಿಕೊಳ್ಳುವುದು ಸಾಧ್ಯವೇ ಇಲ್ಲ. ಹಾಕಿದರೂ ಭಾರ ಜಾರುತ್ತದೆ. ಅವರಿಗೆ ಹೆಲ್ಮೆಟ್ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಬರೀ ಕಾಗದದ ರಕ್ಷಣೆ. ಮೇಲೆ ಸೆಂಟ್ರಿಂಗ್ ಬಿಚ್ಚುವ ಕೆಲಸ ನಡೆಯುತ್ತಿರುವಾಗ ಕೆಳಗೆ ಹೊರುವ ದಾರಿಯೇ ಇರಬಾರದು; ಸಾಧ್ಯವಿದ್ದ ಕಡೆ ರಾಟೆ ಅಥವಾ ಲಿಫ್ಟ್ ಯಂತ್ರದಿಂದ ಸಾಮಗ್ರಿ ಮೇಲೇರಿಸಬೇಕು. ಬೂಟು, ಕೈಗವಸುಗಳಲ್ಲಿಯೂ ಅವರ ಅಳತೆ ಕೇಳಿ ತರಿಸಬೇಕು. ಗಂಡಸರ ಎಂಟನೇ ನಂಬರಿನ ಬೂಟು ತೊಟ್ಟು ಏಣಿ ಹತ್ತುವುದು ಬರಿಗಾಲಿಗಿಂತ ಅಪಾಯಕಾರಿ.

ಎತ್ತರದ ಕೆಲಸಕ್ಕೆ ಬೆಲ್ಟು

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬೀಳುವವನನ್ನು ಹಿಡಿಯಲು ತಕ್ಕದ್ದಲ್ಲ. ತಡೆದ ಕ್ಷಣದಲ್ಲಿ ಬೆನ್ನುಮೂಳೆ ಮತ್ತು ಒಳ ಅಂಗಗಳಿಗೆ ಪೆಟ್ಟಾಗುತ್ತದೆ. ಭುಜ, ತೊಡೆಗಳನ್ನೂ ಬಳಸಿ ಬರುವ ಪೂರ್ಣ ದೇಹದ ಹಾರ್ನೆಸ್ (ಐಎಸ್ 3521) ಬೇಕು.

ಇಲ್ಲಿಯೂ ಒಂದು ಲೆಕ್ಕ ತಪ್ಪುತ್ತದೆ. ಆಘಾತ ತಗ್ಗಿಸುವ ಭಾಗವಿರುವ ಹಗ್ಗ ಸುಮಾರು 1.8 ಮೀಟರ್ ಇರುತ್ತದೆ. ಬಿದ್ದಾಗ ಆ ಭಾಗ ಬಿಚ್ಚಿಕೊಂಡು ಇನ್ನೂ ಒಂದೂವರೆ ಮೀಟರ್ ಮೀರಿ ಉದ್ದವಾಗಬಹುದು. ಕೊಕ್ಕೆಯಿಂದ ಪಾದದವರೆಗಿನ ದೇಹದ ಉದ್ದ, ಕೆಳಗೆ ಉಳಿಯಬೇಕಾದ ಒಂದು ಮೀಟರ್ ಸೇರಿಸಿದರೆ, ಪಾದದ ಮಟ್ಟದಲ್ಲಿ ಕೊಂಡಿ ಸಿಕ್ಕಿಸಿದವನಿಗೆ ಆರು ಮೀಟರ್‌ಗೂ ಮಿಕ್ಕಿದ ಖಾಲಿ ಜಾಗ ಬೇಕು. ಮೊದಲ ಮಹಡಿಯ ಸಾರುವೆಯ ಮೇಲೆ ನಿಂತವನು ಹಗ್ಗ ಬಿಗಿಯುವ ಮೊದಲೇ ನೆಲ ಮುಟ್ಟುತ್ತಾನೆ. ಆದ್ದರಿಂದ ಕೊಂಡಿಯನ್ನು ತಲೆಗಿಂತ ಮೇಲೆ ಸಿಕ್ಕಿಸಬೇಕು, ಹಗ್ಗ ಚಿಕ್ಕದಿರಬೇಕು. ಸಾರುವೆಯ ಕಂಬಕ್ಕೇ ಕಟ್ಟಿದರೆ ಸಾರುವೆಯೂ ಅವನೊಡನೆ ಬೀಳಬಹುದು. ತಗ್ಗು ಮನೆಗಳಲ್ಲಿ ಅಂಚಿಗೆ ಗಟ್ಟಿ ಕಟಾಂಜನ ಕಟ್ಟುವುದು ಹಾರ್ನೆಸ್‌ಗಿಂತ ಹೆಚ್ಚು ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ.

ಕಾಲು, ಕೈ, ಕಣ್ಣು

ಸೆಂಟ್ರಿಂಗ್ ಹಲಗೆಯ ಮೊಳೆ ಚಪ್ಪಲಿಯನ್ನು ಸುಲಭವಾಗಿ ತೂರುತ್ತದೆ. ಬೂಟಿನಲ್ಲಿ (ಐಎಸ್ 15298) ಬೆರಳಿನ ಭಾಗದ ಗಟ್ಟಿ ಕವಚದೊಡನೆ ಮೊಳೆ ತಡೆಯುವ ಒಳ ಅಟ್ಟೆಯೂ ಇದೆಯೇ ಎಂದು ಕೇಳಿ ಕೊಳ್ಳಬೇಕು. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ಚರ್ಮದ ಕೈಗವಸು ಅದನ್ನು ಹೀರಿ ಕೈಗೇ ಅಂಟಿಸುತ್ತದೆ. ಕಾಂಕ್ರೀಟು ಕೆಲಸಕ್ಕೆ ರಬ್ಬರ್ ಅಥವಾ ನೈಟ್ರೈಲ್ ಕೈಗವಸು, ಗಮ್ ಬೂಟು ಸರಿ. ತಿರುಗುವ ಡ್ರಿಲ್, ಮಿಕ್ಸರ್ ಬಳಿ ಸಡಿಲ ಕೈಗವಸು ತೊಡಬಾರದು, ಕೈ ಎಳೆದುಕೊಂಡುಬಿಡುತ್ತದೆ. ಕಲ್ಲು ಒಡೆಯುವವರಿಗೆ ಪಕ್ಕಗಳೂ ಮುಚ್ಚಿದ ಕನ್ನಡಕ ಬೇಕು.

ಗುರುತು ಮತ್ತು ಖರ್ಚು

ಐಎಸ್‌ಐ ಚಿಹ್ನೆ ಅಚ್ಚು ಹಾಕಿಸುವುದು ಕಷ್ಟವಲ್ಲ. ಚಿಹ್ನೆಯ ಜೊತೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಭಾರತೀಯ ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕಾರ್ಮಿಕನಿಂದ ಹಣ ವಸೂಲು ಮಾಡುವಂತಿಲ್ಲ. ಬೂಟಿನ ಬೆಲೆಯನ್ನು ಕೂಲಿಯಲ್ಲಿ ಹಿಡಿಯುವುದು ತಪ್ಪು. ಆದರೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಟ್ಟಡ ಕಾಮಗಾರಿ ಮತ್ತು ಸ್ವಂತ ವಾಸಕ್ಕೆ 50 ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆ ಸಂಹಿತೆಯ ಕಟ್ಟಡ ಕೆಲಸದ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. ನಮ್ಮ ತಾಲ್ಲೂಕುಗಳ ಹೆಚ್ಚಿನ ಮನೆ ಕೆಲಸ ಈ ಬಗೆಯದೇ. ಅಂಥಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಯೊಡನೆ ದರ ಮಾತಾಡುವ ದಿನವೇ ಹೆಲ್ಮೆಟ್, ಮಾಸ್ಕು, ಬೂಟುಗಳ ಖರ್ಚನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಚದರಡಿ ದರದೊಳಗೆ ಸೇರಿಸಿದರೆ ಮೊದಲು ಕಡಿತವಾಗುವುದು ಅದೇ.